ಮಳೆ ಹಿಡಿದ ದಿನದಿಂದ ಲೇಸರ್ ಪ್ರಿಂಟರಿನಲ್ಲಿ ಪೇಪರ್ ಜಾಮ್: ಫ್ಯೂಸರ್ ಬದಲಿಸಲೇಬೇಕೇ?

ಪ್ರಶ್ನೆ: ಕಾರವಾರದಿಂದ

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ಚಿಕ್ಕದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಯಜಮಾನರು ಜೊತೆಗಿದ್ದರೂ ಯಂತ್ರಗಳ ಉಸ್ತುವಾರಿ ನನ್ನದೇ. ಇರುವುದು ಒಂದೇ ಕಪ್ಪು-ಬಿಳುಪು ಲೇಸರ್ ಪ್ರಿಂಟರ್. ಕೆಳಗೆ 250 ಹಾಳೆಯ ಟ್ರೇ ಇದೆ, ತಂದು ನಾಲ್ಕು ವರ್ಷವಾಯಿತು. ಬೇಸಿಗೆಯಿಡೀ ಒಂದು ದಿನವೂ ಕಾಡಿರಲಿಲ್ಲ. ಮೃಗಶಿರಾ ಮಳೆ ಹಿಡಿದ ವಾರದಿಂದ ದಿನಕ್ಕೆ ಹತ್ತು ಹದಿನೈದು ಸಲ ಪೇಪರ್ ಜಾಮ್.

ಬೆಳಿಗ್ಗೆ ಬಾಗಿಲು ತೆಗೆದ ಮೇಲೆ ಬರುವ ಮೊದಲ ಇಪ್ಪತ್ತು ಮೂವತ್ತು ಹಾಳೆಗಳಲ್ಲಿಯೇ ತೊಂದರೆ ಹೆಚ್ಚು. ಮಧ್ಯಾಹ್ನ ಹೊಸ ರೀಮ್ ಒಡೆದು ಹಾಕಿದರೆ ಸ್ವಲ್ಪ ಹೊತ್ತು ಸರಾಗವಾಗಿ ಓಡುತ್ತದೆ. ಸಿಕ್ಕಿಕೊಂಡ ಹಾಳೆಯನ್ನು ಎಳೆದು ತೆಗೆದರೆ ಸೀರೆಯ ನೆರಿಗೆಯಂತೆ ಮಡಿಕೆ ಮಡಿಕೆಯಾಗಿರುತ್ತದೆ. ಮೂರು ದಿನದಿಂದ ಇನ್ನೊಂದು ಕಾಟ: ಒಳಗೆ ಹಾಳೆಯೇ ಇಲ್ಲದಿದ್ದರೂ ಜಾಮ್ ಎಂದು ಕೆಂಪು ದೀಪ ಮಿನುಗುತ್ತದೆ.

ಮೊನ್ನೆ ಜೋಯಿಡಾ ಕಡೆಯಿಂದ ಅಣಶಿ ಘಟ್ಟ ಇಳಿದು ಬಂದಿದ್ದ ಅಜ್ಜಿಯೊಬ್ಬರು ಪಿಂಚಣಿ ಅರ್ಜಿಯ ಎರಡು ಹಾಳೆಗಾಗಿ ಮುಕ್ಕಾಲು ಗಂಟೆ ಕಾದರು. ಅವರಿಗೆ ತಿರುಗಿ ಹೋಗುವ ಬಸ್ಸು ತಪ್ಪಿದರೆ ಗತಿಯೇನು ಎಂದು ನನ್ನ ಕೈ ನಡುಗುತ್ತಿತ್ತು. ಮೆಕ್ಯಾನಿಕ್ ಒಬ್ಬರು ನೋಡಿ, ಫ್ಯೂಸರ್ (ಟೋನರ್ ಪುಡಿಯನ್ನು ಬಿಸಿಯಿಂದ ಕರಗಿಸಿ ಹಾಳೆಗೆ ಅಂಟಿಸುವ ರೋಲರುಗಳ ಭಾಗ) ಪೂರ್ತಿ ಬದಲಿಸಬೇಕು ಎಂದಿದ್ದಾರೆ. ಅವರು ಹೇಳಿದ ಮೊತ್ತ ಅಂಗಡಿಯ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು. ತಿಳಿದವರು ದಾರಿ ಹೇಳಿ.

ಉತ್ತರ: ಶಿರಸಿಯಿಂದ

ಅಕ್ಕ, ಈಗಲೇ ಫ್ಯೂಸರಿಗೆ ದುಡ್ಡು ಹಾಕಬೇಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೊಸೈಟಿಗಳಲ್ಲಿ, ಶಾಲೆಗಳಲ್ಲಿ ಪ್ರಿಂಟರ್ ರಿಪೇರಿ ಮಾಡಿಕೊಂಡು ಬಂದವನು ನಾನು. ಜೂನ್ ಎರಡನೆಯ ವಾರದಲ್ಲಿ ನನಗೆ ಬರುವ ಕರೆಗಳಲ್ಲಿ ಅರ್ಧಕ್ಕರ್ಧ ಇದೇ ದೂರು.

ಮೊದಲು ಎರಡು ವಿಷಯ ತಿಳಿಸಿ. ಹಾಳೆ ಎಲ್ಲಿ ನಿಲ್ಲುತ್ತದೆ? ಟ್ರೇಯ ಬಾಯಲ್ಲೋ, ಕಾರ್ಟ್ರಿಜ್ ಅಡಿಯಲ್ಲೋ, ಹಿಂಬದಿಯ ಬಿಸಿ ರೋಲರುಗಳ ಹತ್ತಿರವೋ? ಟ್ರೇಯ ಬಾಯಲ್ಲಿ ನಿಂತರೆ ಪಿಕಪ್ ರೋಲರ್, ಎಂದರೆ ಟ್ರೇಯಿಂದ ಹಾಳೆ ಎಳೆದುಕೊಳ್ಳುವ ರಬ್ಬರ್ ಉರುಳೆ, ನುಣುಪಾಗಿದೆ ಎಂದು ಲೆಕ್ಕ. ಹಿಂದೆ ನಿಂತರೆ ಕಥೆಯೇ ಬೇರೆ. ಎರಡನೆಯದು, ಸಿಕ್ಕಿದ ಹಾಳೆಯನ್ನು ನೀವು ಯಾವ ಕಡೆಯಿಂದ ಎಳೆಯುತ್ತೀರಿ?

ಕಾರವಾರದಿಂದ

ಅಣ್ಣ, ಹತ್ತರಲ್ಲಿ ಎಂಟು ಸಲ ಹಿಂಬದಿಯಲ್ಲೇ. ಅರ್ಧ ಹಾಳೆ ರೋಲರಿನಿಂದ ಹೊರಗೆ ಬಂದು ಅಲ್ಲೇ ಮುದ್ದೆಯಾಗಿರುತ್ತದೆ. ಪ್ರಿಂಟರಿನ ಬೆನ್ನು ಗೋಡೆಗೆ ತಾಗಿಕೊಂಡಿರುವುದರಿಂದ ನಾನು ಮುಂದಿನ ಬಾಗಿಲು ತೆರೆದು, ಕಾರ್ಟ್ರಿಜ್ ತೆಗೆದು, ಮುಂದಕ್ಕೆ ಎಳೆಯುತ್ತೇನೆ. ಎರಡು ಮೂರು ಸಲ ಹರಿದಿದೆ. ಇನ್ನೊಂದು ಮಾತು, ಅಚ್ಚು ಕೂಡ ಅಲ್ಲಲ್ಲಿ ಮಬ್ಬಾಗಿ ಬರುತ್ತಿದೆ. ಟೋನರ್ ಹೊಸದು.

ಶಿರಸಿಯಿಂದ

ನೀವು ಹೇಳಿದ್ದರಲ್ಲಿಯೇ ಉತ್ತರ ಇದೆ ಅಕ್ಕ. ನನ್ನ ಅಂದಾಜು: ಯಂತ್ರ ಕೆಟ್ಟಿಲ್ಲ, ಕಾಗದ ನೀರು ಕುಡಿದಿದೆ. ಜೊತೆಗೆ, ಹರಿದ ಹಾಳೆಯ ಒಂದು ಚೂರು ಒಳಗೇ ಉಳಿದಿದೆ. ಇವು ಎರಡು ಬೇರೆ ಬೇರೆ ತೊಂದರೆಗಳು.

ಕಾರ್ಖಾನೆಯಿಂದ ಬರುವ ಕಾಗದದಲ್ಲಿ ತೂಕದ ಶೇ. 5ರ ಆಸುಪಾಸು ನೀರು ಇರುತ್ತದೆ. ರೀಮಿನ ಹೊದಿಕೆ ಬರಿಯ ಕಾಗದವಲ್ಲ, ತೇವ ಒಳಗೆ ಹೋಗದಂತೆ ತಡೆಯುವ ಪದರ ಅದಕ್ಕಿದೆ. ಹೊದಿಕೆ ಒಡೆದು 250 ಹಾಳೆಯನ್ನು ರಾತ್ರಿಯಿಡೀ ಟ್ರೇಯಲ್ಲಿ ಬಿಟ್ಟರೆ ಸುತ್ತಲಿನ ಗಾಳಿಯ ತೇವವನ್ನು ಅದು ಎಳೆದುಕೊಳ್ಳುತ್ತದೆ. ಕರಾವಳಿಯಲ್ಲಿ ಮಳೆಗಾಲದ ಬಹುತೇಕ ದಿನ ಗಾಳಿಯ ತೇವಾಂಶ ಶೇ. 80 ದಾಟಿರುತ್ತದೆ. ಪ್ರಿಂಟರಿನ ಕೈಪಿಡಿಗಳು ಸಾಮಾನ್ಯವಾಗಿ ಒಪ್ಪುವ ಮೇಲಿನ ಮಿತಿಯೂ ಸುಮಾರು ಅಷ್ಟೇ. ಎಂದರೆ ನಾವು ಗೆರೆಯ ಮೇಲೆ ನಿಂತು ಕೆಲಸ ಮಾಡುತ್ತಿದ್ದೇವೆ.

ಇಂಥ ಹಾಳೆ ಫ್ಯೂಸರಿಗೆ ಹೋದಾಗ ಏನಾಗುತ್ತದೆ ಎಂದು ತಿಳಿಯಬೇಕಾದರೆ ಹಲಸಿನ ಹಪ್ಪಳವನ್ನು ಕೆಂಡದ ಮೇಲೆ ಹಿಡಿಯುವುದನ್ನು ನೆನೆಯಿರಿ. ಕೆಂಡದ ಕಡೆಯ ಮೈ ಮೊದಲು ಒಣಗಿ ಹಪ್ಪಳ ಮುರುಟುತ್ತದೆ, ಅದಕ್ಕೇ ನಾವು ತಿರುಗಿಸಿ ತಿರುಗಿಸಿ ಸುಡುತ್ತೇವೆ. ಫ್ಯೂಸರಿನ ಬಿಸಿ 200 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಇರುತ್ತದೆ, ಹಾಳೆ ಅದನ್ನು ದಾಟುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಒಳಗಿನ ನೀರು ಹಬೆಯಾಗಿ ಏಳುತ್ತದೆ, ಒಂದು ಮೈ ಬೇಗ ಒಣಗುತ್ತದೆ, ಹಾಳೆಯ ಮುಂದಿನ ಅಂಚು ಸುರುಳಿಯಾಗಿ ಹೊರದಾರಿಯನ್ನು ಬಿಟ್ಟು ಪಕ್ಕಕ್ಕೆ ತಲೆ ಹಾಕುತ್ತದೆ. ಹಿಂದಿನಿಂದ ರೋಲರ್ ತಳ್ಳುತ್ತಲೇ ಇರುತ್ತದೆ. ತೇವಕ್ಕೆ ಮೆತ್ತಗಾದ ಹಾಳೆಗೆ ಆ ತಳ್ಳಾಟವನ್ನು ತಾಳುವ ಬಿಗುವಿಲ್ಲ, ನೆರಿಗೆಯಾಗುತ್ತದೆ. ನೀವು ಕಂಡ ಸೀರೆಯ ನೆರಿಗೆ ಇದೇ. ಮಬ್ಬು ಅಚ್ಚಿಗೂ ತೇವವೇ ಕಾರಣ. ಟೋನರ್ ಪುಡಿ ಹಾಳೆಯ ಮೇಲೆ ಕೂರುವುದು ವಿದ್ಯುತ್ ಆವೇಶದಿಂದ, ಒದ್ದೆ ಕಾಗದದಲ್ಲಿ ಅದು ನಿಲ್ಲುವುದಿಲ್ಲ. ನಾಳೆ ಬೆಳಿಗ್ಗೆ ಹೊರಬಾಯಿಯ ಮೇಲೆ ಅಂಗೈ ಹಿಡಿದು ನೋಡಿ, ಹಬೆ ತಾಗಿದರೂ ತಾಗೀತು.

ಸಾಬೀತು ಮಾಡಿಕೊಳ್ಳುವುದಕ್ಕೆ ಖರ್ಚಿಲ್ಲ. ಟ್ರೇ ಪೂರ್ತಿ ಖಾಲಿ ಮಾಡಿ, ಹೊಸ ರೀಮಿನ ನಡುವಿನಿಂದ ಇಪ್ಪತ್ತು ಹಾಳೆ ತೆಗೆದು ಕೂಡಲೇ ಓಡಿಸಿ. ಅವು ಸರಿಯಾಗಿ ಬಂದರೆ ಫ್ಯೂಸರ್ ಗಟ್ಟಿಯಾಗಿದೆ ಎಂದು ತಿಳಿಯಿರಿ. ಫ್ಯೂಸರೇ ಕೆಟ್ಟಿದ್ದರೆ ಒಣ ಹಾಳೆಯೂ ಸಿಕ್ಕಿಕೊಳ್ಳುತ್ತದೆ, ಅಥವಾ ಪ್ರತಿ ಹಾಳೆಯಲ್ಲೂ ಒಂದೇ ಜಾಗದಲ್ಲಿ ಕಲೆ ಬೀಳುತ್ತದೆ, ಅಥವಾ ಅಕ್ಷರ ಬೆರಳಿಗೆ ಅಂಟಿ ಬರುತ್ತದೆ.

ಇನ್ನು ಆ ಚೂರು. ಪ್ರಿಂಟರ್ ಆರಿಸಿ, ಪ್ಲಗ್ ಕಿತ್ತು, ಅರ್ಧ ಗಂಟೆ ತಣಿಯಲು ಬಿಡಿ. ಹಿಂಬದಿಯ ಲೋಹ ಕೈ ಸುಡುತ್ತದೆ, ಈ ಅರ್ಧ ಗಂಟೆಯಲ್ಲಿ ಅವಸರ ಬೇಡವೇ ಬೇಡ. ಕಾರ್ಟ್ರಿಜ್ ಹೊರತೆಗೆದು ದಪ್ಪ ಬಟ್ಟೆ ಮುಚ್ಚಿಡಿ, ಬೆಳಕು ತಾಗಿದರೆ ಡ್ರಮ್ (ಅಚ್ಚಿನ ಪಡಿ ಮೂಡುವ ಉರುಳೆ) ಹಾಳಾಗುತ್ತದೆ. ಯಂತ್ರವನ್ನು ಗೋಡೆಯಿಂದ ಈಚೆ ಸರಿಸಿ ಹಿಂದಿನ ಬಾಗಿಲು ತೆರೆಯಿರಿ. ಫ್ಯೂಸರ್ ದಾಟಿದ ಕೂಡಲೇ ಕಡ್ಡಿಯಷ್ಟು ಸಣ್ಣದೊಂದು ಕಪ್ಪು ಪ್ಲಾಸ್ಟಿಕ್ ನಾಲಿಗೆ ಕಾಣಬೇಕು. ಹಾಳೆ ಬಂದಾಗ ಅದು ಬಾಗುತ್ತದೆ, ಹೋದ ಮೇಲೆ ಚಟಕ್ಕನೆ ಮೊದಲಿನ ಜಾಗಕ್ಕೆ ಬರುತ್ತದೆ. ಯಂತ್ರಕ್ಕೆ ಹಾಳೆ ಎಲ್ಲಿದೆ ಎಂದು ತಿಳಿಯುವುದು ಈ ನಾಲಿಗೆಯಿಂದ. ಅದರ ಬುಡದಲ್ಲಿ ಉಗುರಿನಷ್ಟು ಕಾಗದ ಸಿಕ್ಕಿದ್ದರೂ ಅದು ಬಾಗಿಯೇ ಇರುತ್ತದೆ, ಒಳಗೆ ಹಾಳೆ ಇದೆ ಎಂದೇ ಯಂತ್ರ ನಂಬುತ್ತದೆ. ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಸೋಮಾರಿಯಾಗಿ ಎದ್ದರೆ ಟಾರ್ಚ್ ಹಿಡಿದು ಬುಡ ನೋಡಿ. ಚಾಕು, ಸ್ಕ್ರೂಡ್ರೈವರ್ ಹಾಕಬೇಡಿ. ಫ್ಯೂಸರಿನ ಟೆಫ್ಲಾನ್ ಪೊರೆಗೆ ಗೀರು ಬಿದ್ದರೆ ಆಗ ನಿಜವಾಗಿಯೂ ಫ್ಯೂಸರ್ ಬದಲಿಸಬೇಕಾಗುತ್ತದೆ.

ಮುಂದೆ ಹಾಳೆ ಸಿಕ್ಕಾಗ ಅದು ಹೋಗುತ್ತಿದ್ದ ದಿಕ್ಕಿಗೇ, ಎರಡೂ ಕೈಯಿಂದ, ಎರಡೂ ಅಂಚಿಗೆ ಸಮನಾದ ಬಲ ಹಾಕಿ ಎಳೆಯಿರಿ. ಹಿಂದಕ್ಕೆ ಬಂದ ಹಾಳೆಯನ್ನು ಹಿಂದಿನಿಂದಲೇ ತೆಗೆಯಬೇಕು. ಹರಿದರೆ ತುಂಡುಗಳನ್ನು ಕಸದ ಬುಟ್ಟಿಗೆ ಹಾಕುವ ಮೊದಲು ಮೇಜಿನ ಮೇಲೆ ಜೋಡಿಸಿ. ಪೂರ್ತಿ ಎ4 ಆಗಬೇಕು. ಒಂದು ಮೂಲೆ ಕಡಿಮೆ ಬಿದ್ದರೂ ಆ ಮೂಲೆ ಯಂತ್ರದಲ್ಲಿದೆ. ಕೆಲಸ ಕಲಿಯಲು ಬರುವ ಹುಡುಗರಿಗೆ ನಾನು ಮೊದಲ ದಿನ ಕಲಿಸುವುದು ಇದನ್ನೇ.

ಉತ್ತರ: ಹೊನ್ನಾವರದಿಂದ

ಮೇಲಿನವರು ಹೇಳಿದ್ದಕ್ಕೆ ನಮ್ಮ ಶಾಲೆಯ ಅನುಭವ ಸೇರಿಸುತ್ತೇನೆ. ನಮ್ಮದು ಇಂಕ್ ಟ್ಯಾಂಕಿನ ಪ್ರಿಂಟರ್, ಹಾಳೆ ಹಾಕುವುದು ಹಿಂದೆ ಮೇಲಿನಿಂದ. ಇದರಲ್ಲಿ ಬಿಸಿ ರೋಲರ್ ಇಲ್ಲ, ಆದರೂ ತೇವದ ಕಾಟ ತಪ್ಪಿದ್ದಲ್ಲ. ಹಾಳೆಗಳು ಒಂದಕ್ಕೊಂದು ಅಂಟಿ ಮೂರು ನಾಲ್ಕು ಒಟ್ಟಿಗೆ ಹೋಗುತ್ತವೆ. ಅಂಚು ಅಲೆಯಂತೆ ಎದ್ದು ಹೆಡ್ಡಿಗೆ ಉಜ್ಜಿ ಶಾಯಿ ಬಳಿಯುತ್ತದೆ. ಹತ್ತು ಹದಿನೈದು ಹಾಳೆಗಿಂತ ಹೆಚ್ಚು ಹಾಕದಿರುವುದರಿಂದ ನಮಗೆ ಬಹಳ ಅನುಕೂಲವಾಯಿತು.

ಒಮ್ಮೆ ಎಷ್ಟು ನೋಡಿದರೂ ಜಾಮ್ ಹೋಗಲಿಲ್ಲ. ಕೊನೆಗೆ ಟಾರ್ಚ್ ಬಿಟ್ಟು ನೋಡಿದರೆ ಹಾಳೆ ಇಳಿಯುವ ಸಂದಿಯ ಆಳದಲ್ಲಿ ಮಕ್ಕಳ ಪೆನ್ಸಿಲ್ ತುಂಡು, ಅದರ ಪಕ್ಕದಲ್ಲಿ ಹಲ್ಲಿಯ ಎರಡು ಮೊಟ್ಟೆ. ಉದ್ದನೆಯ ಚಿಮಟದಿಂದ ತೆಗೆದೆವು. ತಲೆಕೆಳಗು ಮಾಡಿ ಬೀಳಿಸೋಣ ಎಂದು ಅಟೆಂಡರ್ ಹೊರಟಿದ್ದರು, ತಡೆದೆ. ಇಂಕ್ ಟ್ಯಾಂಕಿನ ಪ್ರಿಂಟರನ್ನು ಹಾಗೆ ಮಗುಚಿದರೆ ಶಾಯಿ ಒಳಗೆಲ್ಲ ಚೆಲ್ಲುತ್ತದೆ. ಈಗ ಸಂಜೆ ಹಾಳೆ ತೆಗೆದು, ಮುಚ್ಚಳ ಹಾಕಿ, ಮೇಲೊಂದು ಬಟ್ಟೆ ಹೊದಿಸಿಯೇ ಬಾಗಿಲು ಹಾಕುತ್ತೇವೆ.

ಕಾರವಾರದಿಂದ, ಎಂಟು ದಿನದ ನಂತರ

ಸಿಕ್ಕಿತು! ಹಿಂದಿನ ಬಾಗಿಲು ತೆರೆದು ನೋಡಿದರೆ ಆ ಕಪ್ಪು ನಾಲಿಗೆಯ ಬುಡದಲ್ಲಿ ತ್ರಿಕೋನದ ಒಂದು ಚೂರು, ನನ್ನ ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಬಿಸಿಗೆ ಕಂದು ಬಣ್ಣಕ್ಕೆ ತಿರುಗಿತ್ತು, ಅದರ ಮೇಲೆ ‘ಅರ್ಜಿದಾ’ ಎಂಬಷ್ಟು ಅಕ್ಷರ ಓದುವಂತಿತ್ತು. ಹುಬ್ಬಿನ ಚಿಮಟದಿಂದ ಹಿಡಿದು ಎಳೆದೆ. ಆಮೇಲೆ ನಾಲಿಗೆ ಒತ್ತಿ ಬಿಟ್ಟರೆ ಚಟಕ್ಕೆಂದಿತು. ಸುಳ್ಳು ಜಾಮ್ ಅಂದಿಗೇ ನಿಂತಿದೆ.

ಹೊಸ ರೀಮಿನ ಇಪ್ಪತ್ತು ಹಾಳೆಯ ಪರೀಕ್ಷೆಯನ್ನೂ ಮಾಡಿದೆ. ಇಪ್ಪತ್ತೂ ಮಡಿಕೆಯಿಲ್ಲದೆ ಬಂದವು, ಅಚ್ಚೂ ಕಪ್ಪಗಿತ್ತು. ಅದೇ ಹೊತ್ತಿಗೆ ಟ್ರೇಯ ಹಳೆಯ ಹಾಳೆ ಹಾಕಿದರೆ ಆರನೆಯದಕ್ಕೇ ಸಿಕ್ಕಿಕೊಂಡಿತು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ: ಹೊಸ ಕಟ್ಟು ಹಲಗೆಯಂತೆ ಚಪ್ಪಟೆ, ಹಳೆಯದರ ಅಂಚು ಅಲೆ ಅಲೆ. ಇಷ್ಟು ದಿನ ಇದು ಕಣ್ಣಿಗೆ ಬಿದ್ದಿರಲಿಲ್ಲ. ಫ್ಯೂಸರ್ ಬದಲಿಸುವ ಮಾತು ಬಿಟ್ಟಿದ್ದೇನೆ. ನಿಮ್ಮ ಉಪಕಾರ ಮರೆಯುವುದಿಲ್ಲ ಅಣ್ಣ.

ಈಗ ಉಳಿದಿರುವ ಹಾಳೆಯನ್ನು ಏನು ಮಾಡಲಿ? ಮಳೆಗಾಲ ಇನ್ನೂ ಮೂರು ತಿಂಗಳಿದೆ. ಕರೆಂಟ್ ಹೋದಾಗಲೂ ಹಾಳೆ ನಡುವೆ ನಿಂತುಬಿಡುತ್ತದೆ, ಅದಕ್ಕೆ ಕಂಪ್ಯೂಟರಿನ ಯುಪಿಎಸ್ಸಿಗೇ ಪ್ರಿಂಟರನ್ನೂ ಜೋಡಿಸಬಹುದೇ?

ಶಿರಸಿಯಿಂದ

ಬಹಳ ಸಂತೋಷವಾಯಿತು. ಯುಪಿಎಸ್ ಪ್ರಶ್ನೆಗೆ ಮೊದಲು ಉತ್ತರ: ಬೇಡ. ಫ್ಯೂಸರ್ ಕಾಯುವಾಗ ಲೇಸರ್ ಪ್ರಿಂಟರ್ ಒಮ್ಮೆಲೇ ನೂರಾರು ವಾಟ್ ಎಳೆಯುತ್ತದೆ, ಮೇಜಿನಡಿಯ ಸಣ್ಣ ಯುಪಿಎಸ್ ಅದನ್ನು ತಾಳುವುದಿಲ್ಲ, ಕಂಪ್ಯೂಟರೂ ಆರಿಹೋಗುತ್ತದೆ. ಕರೆಂಟ್ ಹೋಗಿ ಹಾಳೆ ನಡುವೆ ನಿಂತರೆ ಪ್ಲಗ್ ತೆಗೆದು, ತಣಿದ ಮೇಲೆ ಹಿಂದಿನಿಂದ ಬಿಡಿಸಿ. ಕರೆಂಟ್ ಬಂದ ಕೂಡಲೇ ಅದೇ ಹಾಳೆಯ ಮೇಲೆ ಓಡಿಸಬೇಡಿ.

ಕಾಗದಕ್ಕೆ ಬೇಕಾದದ್ದು ನಮ್ಮ ಮನೆಗಳಲ್ಲಿ ಹಪ್ಪಳ ಸಂಡಿಗೆಗೆ ಮಾಡುವಷ್ಟೇ ಆರೈಕೆ. ಬೇಸಿಗೆಯಲ್ಲಿ ಮಾಡಿದ್ದನ್ನು ಆಷಾಢದಲ್ಲಿ ಗರಿಗರಿಯಾಗಿ ತಿನ್ನಬೇಕಾದರೆ ಮುಚ್ಚಳ ಬಿಗಿಯಾದ ಡಬ್ಬಿ ಬೇಕು. ಎ4 ಹಿಡಿಯುವಂಥ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆ ತನ್ನಿ. ತಳದಲ್ಲಿ ಸಿಲಿಕಾ ಜೆಲ್ಲಿನ ನಾಲ್ಕೈದು ಪೊಟ್ಟಣ ಇಡಿ. ಒಡೆದ ರೀಮನ್ನು ಅದರಲ್ಲಿಯೇ ಇಟ್ಟು, ಟ್ರೇಗೆ ಒಂದು ಗಂಟೆಗೆ ಬೇಕಾಗುವ ಐವತ್ತು ಅರವತ್ತು ಹಾಳೆ ಮಾತ್ರ ಹಾಕಿ. ಸಂಜೆ ಉಳಿದದ್ದು ಮತ್ತೆ ಪೆಟ್ಟಿಗೆಗೆ. ರೀಮುಗಳನ್ನು ನೆಲದ ಮೇಲೆ ಇಡಬೇಡಿ, ಮಳೆ ಹೊಡೆಯುವ ಗೋಡೆಗೆ ತಾಗಿಸಬೇಡಿ. ದೊಡ್ಡ ಜೆರಾಕ್ಸ್ ಯಂತ್ರಗಳಲ್ಲಿ ಕೆಲವಕ್ಕೆ ಟ್ರೇಯ ಕೆಳಗೆ ಕಾಗದ ಒಣಗಿಸುವ ಸಣ್ಣ ಹೀಟರ್ ಕೊಡುತ್ತಾರೆ, ಇದೇ ಕಾರಣಕ್ಕೆ. ನಮ್ಮ ಸಣ್ಣ ಯಂತ್ರಗಳಿಗೆ ಆ ಭಾಗ್ಯವಿಲ್ಲ.

ಅಲೆಯೆದ್ದ ಹಾಳೆಯನ್ನು ಒಲೆಯ ಅಟ್ಟದ ಮೇಲೆ ಒಣಗಿಸಿದವರನ್ನು ನಾನು ಕಂಡಿದ್ದೇನೆ. ತೇವವೇನೋ ಹೋಗುತ್ತದೆ, ಅಲೆ ಹೋಗುವುದಿಲ್ಲ. ಹೊಗೆಯ ಮಸಿ ಬೇರೆ. ಅದನ್ನು ಕೈಬರಹದ ರಸೀದಿಗೆ, ಲೆಕ್ಕಕ್ಕೆ ಬಳಸಿ. ಪ್ರಿಂಟರಿನ ಸೆಟ್ಟಿಂಗಿನಲ್ಲಿ ಕಾಗದದ ಬಗೆ ಎಂದಿರುವಲ್ಲಿ ‘ತೆಳು’ ಎಂದು ಆರಿಸಿದರೆ ಫ್ಯೂಸರಿನ ಬಿಸಿ ಇಳಿದು ಮುರುಟುವಿಕೆ ಕಡಿಮೆಯಾಗುತ್ತದೆ. ಅಕ್ಷರ ಬೆರಳಿಗೆ ಅಂಟಿದರೆ ಮಾತ್ರ ಹಿಂದಿನ ಸೆಟ್ಟಿಂಗಿಗೆ ಮರಳಿ. ಮಳೆಗಾಲಕ್ಕೆ 70 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ) ಬಿಟ್ಟು 75 ಅಥವಾ 80 ತನ್ನಿ, ದಪ್ಪ ಸ್ವಲ್ಪ ಹೆಚ್ಚಿದರೂ ಬಿಗುವು ಬಹಳ ಹೆಚ್ಚುತ್ತದೆ. ಒಂದು ಬದಿ ಅಚ್ಚಾದ ಹಳೆ ಹಾಳೆಯನ್ನು ತಿರುಗಿಸಿ ಹಾಕುವ ಅಭ್ಯಾಸವಿದ್ದರೆ ಈ ಮೂರು ತಿಂಗಳು ಬಿಡಿ. ಅದು ಒಮ್ಮೆ ಮುರುಟಿದ ಹಾಳೆ, ಮೇಲಾಗಿ ಸ್ಟೇಪ್ಲರ್ ಪಿನ್ ಒಂದು ಉಳಿದಿದ್ದರೆ ಟೆಫ್ಲಾನ್ ಸೀಳಿಹೋಗುತ್ತದೆ.

ಪಿಕಪ್ ರೋಲರನ್ನು ತಿಂಗಳಿಗೊಮ್ಮೆ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಹತ್ತಿ ಬಟ್ಟೆಯಿಂದ ಒರೆಸಿ. ಪೆಟ್ರೋಲ್, ಥಿನ್ನರ್ ತಾಗಿಸಿದರೆ ರಬ್ಬರ್ ಬಿರಿಯುತ್ತದೆ.

ಕಾರವಾರದಿಂದ

ಎಲ್ಲವನ್ನೂ ಬರೆದಿಟ್ಟುಕೊಂಡೆ ಅಣ್ಣ. ಕೊನೆಯದಾಗಿ ಒಂದು: ಸಂಘದವರೊಬ್ಬರು ದಪ್ಪ ಹಾಳೆಯಲ್ಲಿ ನಲವತ್ತು ಪ್ರಮಾಣಪತ್ರ ಕೇಳಿದ್ದಾರೆ. ಟ್ರೇಯಲ್ಲಿ ಹಾಕಿದರೆ ತಿರುವಿನಲ್ಲಿ ನಿಂತುಬಿಡುತ್ತದೆ.

ಶಿರಸಿಯಿಂದ

ಟ್ರೇ ಬೇಡ. ಮುಂದೆ ಒಂದೊಂದೇ ಹಾಳೆ ಹಾಕುವ ಬಾಯಿ ಇರುತ್ತದೆ, ಅದರಲ್ಲಿ ಹಾಕಿ. ಹಿಂದಿನ ಬಾಗಿಲನ್ನು ತೆರೆದೇ ಇಡಿ, ಆಗ ಹಾಳೆ ಮೇಲಕ್ಕೆ ತಿರುಗದೆ ನೇರವಾಗಿ ಹಿಂದೆ ಬೀಳುತ್ತದೆ. ಕಾಗದದ ಬಗೆಯನ್ನು ‘ದಪ್ಪ’ ಎಂದು ಬದಲಿಸಿ. ಎಷ್ಟು ಜಿಎಸ್‌ಎಂ ವರೆಗೆ ತಾಳುತ್ತದೆ ಎಂದು ಕೈಪಿಡಿಯಲ್ಲಿ ಬರೆದಿರುತ್ತದೆ, ಅದನ್ನು ಮೀರಬೇಡಿ. ಮೊದಲು ಎರಡು ಹಾಳೆ ಓಡಿಸಿ ನೋಡಿ, ಆಮೇಲೆ ನಲವತ್ತು. ಮುಗಿದ ಮೇಲೆ ಕಾಗದದ ಬಗೆಯನ್ನು ಮತ್ತೆ ‘ತೆಳು’ವಿಗೆ ತರುವುದನ್ನು ಮರೆಯಬೇಡಿ.