ನೀಬೋರ್ಡ್ (ಪೈಲಟ್ ತೊಡೆಗೆ ಕಟ್ಟಿಕೊಳ್ಳುವ ಬರೆಯುವ ಹಲಗೆ) ಯಾವುದು, ಹೇಗೆ? ತರಬೇತುದಾರರೊಂದಿಗೆ ಪ್ರಶ್ನೋತ್ತರ

ಹೊಸರೆಕ್ಕೆ: ಮೇಡಂ, ಮೂರು ಮಡಿಕೆಯ ನೀಬೋರ್ಡ್ ಕೊಳ್ಳಲೋ, ಒಂದೇ ಹಲಗೆಯದೋ? ನಾನು ಕಲಿಯುತ್ತಿರುವ ವಿಮಾನದಲ್ಲಿ ಯೋಕ್ (ಕಾರಿನ ಸ್ಟೀರಿಂಗ್‌ನಂಥ ಹಿಡಿ) ಇದೆ.

ತರಬೇತುದಾರರು: ಒಂದೇ ಹಲಗೆ, ಎ5 ಅಳತೆ. ಮಡಿಕೆ ಬಿಚ್ಚಿದರೆ ಯೋಕ್‌ಗೆ ತಗಲುವ ಸಂಭವ ಹೆಚ್ಚು. ಎಡ ಆಸನದಲ್ಲಿ ಕುಳಿತು ಬಲಗೈಯಲ್ಲಿ ಬರೆಯುವವರು ಬಲ ತೊಡೆಗೆ ಕಟ್ಟಿಕೊಳ್ಳಿ. ಪೆನ್ಸಿಲಿಗೆ ದಾರ ಇರಲಿ. ಪೆಡಲ್ ಕೆಳಗೆ ಉರುಳಿದ್ದನ್ನು ಹಾರಾಟದ ನಡುವೆ ಬಗ್ಗಿ ಹುಡುಕಬಾರದು.

ಎಡಗೈ: ಎಡಗೈಯಲ್ಲಿ ಬರೆಯುವವರು ಏನು ಮಾಡಬೇಕು?

ಗಾಳಿಪಟ: ನಮ್ಮದು ಸ್ಟಿಕ್ (ಕಾಲುಗಳ ನಡುವಿನ ನಿಯಂತ್ರಣ ಕೋಲು) ಇರುವ ವಿಮಾನ. ಸ್ಟಿಕ್ಕನ್ನು ಬಲಕ್ಕೆ ತಳ್ಳಿದಾಗ ಹಲಗೆಯ ಕ್ಲಿಪ್‌ಗೆ ಸ್ವಲ್ಪ ತಾಗುತ್ತದೆ. ಕಾಲು ಸರಿಸಿದರೆ ಸರಿಹೋಗುತ್ತದೆ. ತೊಂದರೆಯಿಲ್ಲ ತಾನೆ?

ತರಬೇತುದಾರರು: ಇದೆ. ಈ "ಸ್ವಲ್ಪ" ಎಂಬ ಮಾತೇ ನನಗೆ ಭಯ. ನೀವು ಸ್ಟಿಕ್ಕನ್ನು ಬಲಕ್ಕೆ ಮಾತ್ರ ತಳ್ಳಿ ನೋಡಿದ್ದೀರಿ. ಆಸನವನ್ನು ಹಾರುವಾಗಿನ ಜಾಗಕ್ಕೆ ತನ್ನಿ, ಬೆಲ್ಟ್ ಬಿಗಿಯಿರಿ, ಹಲಗೆ ಕಟ್ಟಿಕೊಳ್ಳಿ. ಈಗ ಸ್ಟಿಕ್ಕನ್ನು ಪೂರ್ತಿ ಹಿಂದಕ್ಕೆ ಎಳೆದು, ಹಾಗೆಯೇ ಹಿಡಿದುಕೊಂಡು, ಪೂರ್ತಿ ಬಲಕ್ಕೆ ಒಯ್ಯಿರಿ. ಬಲದಿಂದ ಅಡ್ಡಗಾಳಿ ಬೀಸುವಾಗ ಇಳಿಯುವ ಕೊನೆಯ ಗಳಿಗೆಯಲ್ಲಿ ನಿಮಗೆ ಬೇಕಾಗುವುದು ಆ ಮೂಲೆಯೇ. ಆಗ ಎರಡು ಪಾದಗಳೂ ರಡ್ಡರ್ ಪೆಡಲ್ (ವಿಮಾನದ ಮೂತಿಯನ್ನು ಎಡ-ಬಲಕ್ಕೆ ತಿರುಗಿಸುವ ಪೆಡಲ್) ಮೇಲೆ ಕೆಲಸದಲ್ಲಿರುತ್ತವೆ, ಕಾಲು ಸರಿಸಲು ಪುರುಸೊತ್ತು ಇರುವುದಿಲ್ಲ. ಒಮ್ಮೆ ನನ್ನ ಸ್ಟಿಕ್ಕೂ ಕ್ಲಿಪ್‌ಗೆ ಬಡಿದು ನಿಂತಿತ್ತು. "ಟಕ್" ಎಂಬ ಸದ್ದು ಇಂಜಿನ್ ಗದ್ದಲದಲ್ಲಿ ಕೇಳಿಸಲಿಲ್ಲ, ಅಂಗೈಗೆ ತಿಳಿಯಿತು. ಚಕ್ರ ನೆಲ ಮುಟ್ಟಿದ ಮೇಲೆ ಕೈ ನಡುಗಿತು. ಕ್ಲಿಪ್ಪನ್ನು ಮೊಣಕಾಲಿನ ಕಡೆಗೆ ತಿರುಗಿಸಿ, ಇಲ್ಲವೇ ಕ್ಲಿಪ್ ಬಿಚ್ಚಿ ರಬ್ಬರ್ ಪಟ್ಟಿ ಹಾಕಿ. ಸ್ಟಿಕ್ ನಾಲ್ಕೂ ಮೂಲೆಗೆ ಪೂರ್ತಿ ಹೋಗುತ್ತದೆಯೇ ನೋಡಿ ಇಲ್ಲಿಯೇ ಬರೆಯಿರಿ. ಅಲ್ಲಿಯವರೆಗೆ ಹಲಗೆ ಕಟ್ಟಿಕೊಂಡು ಹಾರಬೇಡಿ.

ರಾತ್ರಿಹಕ್ಕಿ: ಹಲಗೆಗೆ ಕೆಂಪು ದೀಪ ಸಿಕ್ಕಿಸಬಹುದೇ?

ತರಬೇತುದಾರರು: ಕೆಂಪು ಬೆಳಕಿನಲ್ಲಿ ನಕ್ಷೆಯ ಕೆಂಪು ಗೆರೆಗಳು ಮಾಯವಾಗುತ್ತವೆ. ಮಂದ ಬಿಳಿ ದೀಪ ಸಾಕು.

ಶುಭಯಾನ: ಬಂದ ಸಂದೇಶ: "ಹಲಗೆಯ ಹಿಂದೆ ಬಲವಾದ ಆಯಸ್ಕಾಂತ ಅಂಟಿಸಿ, ಎಲ್ಲಿ ಬೇಕಾದರೂ ನಿಲ್ಲುತ್ತದೆ. ಟ್ಯಾಬ್ಲೆಟ್ ಬಿಸಿಯಾದರೆ ಫ್ರೀಜರಿನ ಜೆಲ್ ಚೀಲ ಕೆಳಗಿಡಿ. ಎಲ್ಲ ಪೈಲಟ್‌ಗಳಿಗೂ ತಪ್ಪದೆ ಕಳುಹಿಸಿ."

ತರಬೇತುದಾರರು: ಈ ವಾರ ಇದು ಮೂರನೆಯ ಸಲ. ಆಯಸ್ಕಾಂತ ಹತ್ತಿರವಿದ್ದರೆ ದಿಕ್ಸೂಚಿ ಸುಳ್ಳು ಹೇಳುತ್ತದೆ. ಜೆಲ್ ಚೀಲ ಇಟ್ಟರೆ ಟ್ಯಾಬ್ಲೆಟ್ ಬೆವರುತ್ತದೆ. ಐಪ್ಯಾಡ್ 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣಕ್ಕೆ ಮಾಡಿದ್ದು, ಬಿಸಿಲಿಗೆ ನಿಂತ ಕಾಕ್‌ಪಿಟ್ ಅದನ್ನು ಸುಲಭವಾಗಿ ಮೀರುತ್ತದೆ. ನೆರಳು ಮಾಡಿ, ಪರದೆಯ ಬೆಳಕು ತಗ್ಗಿಸಿ, ಚಾರ್ಜಿಂಗ್ ನಿಲ್ಲಿಸಿ. ಕಳುಹಿಸುವ ಮೊದಲು ಒಮ್ಮೆ ಓದಿ, ದಯವಿಟ್ಟು.

ಕಾಗದಪ್ರಿಯ: ಕಾಗದದ ನಕ್ಷೆ ಟ್ಯಾಬ್ಲೆಟ್ಟಿನಂತೆ ಬಿಸಿಯಾಗಿ ಆರಿಹೋಗುವುದಿಲ್ಲ.

ಗಾಜುಪರದೆ: ಕಿಟಕಿ ತೆರೆದರೆ ಹಾರಿಹೋಗುತ್ತದಲ್ಲ!

ಕಾಗದಪ್ರಿಯ: ಹಲಗೆಗೆ ಕ್ಲಿಪ್ ಇರುವುದು ಅಲಂಕಾರಕ್ಕೆಂದುಕೊಂಡಿರಾ?

ಗಾಜುಪರದೆ: ಅವಧಿ ಮುಗಿದ ನಕ್ಷೆಯನ್ನು ಕ್ಲಿಪ್‌ನಲ್ಲಿ ಭದ್ರವಾಗಿ ಹಿಡಿದಿಟ್ಟು ಏನು ಫಲ?

ಕಾಗದಪ್ರಿಯ: ನಿಮ್ಮದನ್ನು ಕೊನೆಯ ಸಲ ನವೀಕರಿಸಿದ್ದು ಯಾವಾಗ? ತೋರಿಸಿ.

ಗಾಜುಪರದೆ: ನಿಮಗೆ ಲೆಕ್ಕ ಒಪ್ಪಿಸಬೇಕೇ? ನೀವು ಹಾರಿದ ಗಂಟೆಗಳೆಷ್ಟು, ಅದನ್ನು ಹೇಳಿ ಮೊದಲು.

ತರಬೇತುದಾರರು: ಎರಡನ್ನೂ ಒಯ್ಯಿರಿ. ಜಗಳ ಬೇರೆಡೆ ಆಡಿ.

ಮೋಡಬಯಲು: ಮೂರು ಮಡಿಕೆಯ ನೀಬೋರ್ಡ್ ಒಳ್ಳೆಯದೇ ಮೇಡಂ?

ತರಬೇತುದಾರರು: ಮೊದಲ ಉತ್ತರ ನೋಡಿ.

ಮೋಡಬಯಲು: ನೋಡಿದೆ. ನಾನು ಕೇಳಿದ್ದು ಬೇರೆ ಕಂಪನಿಯದು.

ತರಬೇತುದಾರರು: ಕಂಪನಿ ಬದಲಾದರೆ ನಿಮ್ಮ ತೊಡೆ ಅಗಲವಾಗುತ್ತದೆಯೇ?

ಗಾಳಿಪಟ: ಮೇಡಂ, ನೋಡಿದೆ. ಕ್ಲಿಪ್ ತಿರುಗಿಸಿದ ಮೇಲೂ ಹಿಂದಿನ ಬಲ ಮೂಲೆಯಲ್ಲಿ ಎರಡು ಬೆರಳಿನಷ್ಟು ಕಡಿಮೆ ಬೀಳುತ್ತದೆ. ಹಲಗೆಯ ಅಂಚೇ ತಡೆಯುತ್ತಿದೆ.

ತರಬೇತುದಾರರು: ಹಾಗಾದರೆ ಆ ಹಲಗೆ ಆ ವಿಮಾನಕ್ಕಲ್ಲ. ಗರಗಸ ಹಿಡಿದು ಅಂಚು ಕೊಯ್ಯಬೇಡಿ, ಕಿರಿದಾದದ್ದು ಕೊಳ್ಳಿ. ಹೊಸದನ್ನೂ ಅದೇ ಮೂಲೆಯಲ್ಲಿ ಮೊದಲು ನೋಡಿ. ಬರೆದು ತಿಳಿಸಿದ್ದು ಒಳ್ಳೆಯದಾಯಿತು.

ಎಡಗೈ: ಎಡಗೈಯವರ ಪ್ರಶ್ನೆ ಇನ್ನೂ ಹಾಗೆಯೇ ಇದೆ.

ಶುಭಯಾನ: ಬಂದ ಸಂದೇಶ: "ಪೆನ್ಸಿಲಿಗೆ ಆಯಸ್ಕಾಂತ..."