ಕರುಳಿನ ಗಡ್ಡೆಯ ಟಿ ಕೋಶಗಳಲ್ಲಿ ಪಿಡಿ-1 ಕಾಣುತ್ತಲೇ ಇಲ್ಲ, ಎಲ್ಲಿ ತಪ್ಪುತ್ತಿದ್ದೇನೆ?

ಕೋಶಾನ್ವೇಷಿ
ಮೂರು ವಾರಗಳಿಂದ ಇದೊಂದರಲ್ಲೇ ಸಿಕ್ಕಿಕೊಂಡಿದ್ದೇನೆ, ಬಲ್ಲವರು ದಾರಿ ತೋರಿಸಬೇಕು. ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯಿಂದ ಬಿಡಿಸಿದ ಟಿ ಕೋಶಗಳನ್ನು (ರೋಗನಿರೋಧಕ ಕೋಶಗಳ ಒಂದು ಬಗೆ), ಹೊಳೆಯುವ ಬಣ್ಣ ಹೊತ್ತ ಪ್ರತಿಕಾಯಗಳಿಂದ ಗುರುತಿಸಿ ಫ್ಲೋ ಸೈಟೋಮೀಟರಿನಲ್ಲಿ ನೋಡುತ್ತಿದ್ದೇನೆ. ಸಿಡಿ8 ಕೋಶಗಳು (ಕೊಲ್ಲುವ ಬಗೆಯ ಟಿ ಕೋಶಗಳು) ಧಾರಾಳವಾಗಿವೆ. ಅವುಗಳ ಮೇಲೆ ಸಿಡಿ39, ಸಿಡಿ103, ಟಿಮ್-3 ಎಂಬ ಗುರುತು-ಪ್ರೋಟೀನುಗಳೆಲ್ಲವೂ ಚೆನ್ನಾಗಿ ಬರುತ್ತಿವೆ. ಪಿಡಿ-1 (ಟಿ ಕೋಶಕ್ಕೆ ಕಡಿವಾಣ ಹಾಕುವ ಗ್ರಾಹಕ) ಮಾತ್ರ ಬಣ್ಣ ಹಾಕದ ಕೋಶಗಳ ಮಟ್ಟದಲ್ಲೇ ನಿಂತಿದೆ. ಪ್ರತಿಕಾಯದ ಹೊಸ ಸೀಸೆ ತರಿಸಿದೆ, ಪ್ರಮಾಣವನ್ನು ಇಮ್ಮಡಿ ಮಾಡಿದೆ, ಏನೂ ಬದಲಾಗಲಿಲ್ಲ.

ಕಿಣ್ವಸಾಧಕ
ಕೋಶಗಳನ್ನು ಬಿಡಿಸಲು ಅಂಗಾಂಶವನ್ನು ಯಾವ ಕಿಣ್ವದಲ್ಲಿ ಎಷ್ಟು ಹೊತ್ತು ಇಟ್ಟಿರಿ ಎಂಬುದನ್ನೇ ಬರೆದಿಲ್ಲವಲ್ಲ. ಟ್ರಿಪ್ಸಿನ್ ಕೋಶದ ಮೈಮೇಲಿನ ಪ್ರೋಟೀನುಗಳನ್ನು ಕತ್ತರಿಸುತ್ತದೆ. ಡಿಸ್ಪೇಸ್ ಎಂಬ ಕಿಣ್ವ ಬೆರೆತರೆ ಸಿಡಿ4 (ಸಹಾಯಕ ಟಿ ಕೋಶಗಳ ಗುರುತು), ಸಿಡಿ8 ಕೂಡ ತಗ್ಗುತ್ತವೆ. ನಿಮ್ಮ ಪಿಡಿ-1 ಕಿಣ್ವದ ಪಾಲಾಗಿದೆ ಎಂದೇ ನನ್ನ ಅಭಿಪ್ರಾಯ.

ಕೋಶಾನ್ವೇಷಿ
ಎಲ್ಲರೂ ಬಳಸುವುದನ್ನೇ ಬಳಸಿದ್ದೇನೆ: ಕೊಲಾಜಿನೇಸ್ 4 ಮತ್ತು ಡಿಎನ್‌ಏಸ್, 37 ಡಿಗ್ರಿಯಲ್ಲಿ 40 ನಿಮಿಷ. ಟ್ರಿಪ್ಸಿನ್ ಇಲ್ಲ, ಡಿಸ್ಪೇಸ್ ಇಲ್ಲ.

ಅಂಚುಗೆರೆ
ತುಂಡನ್ನು ಗಡ್ಡೆಯ ನಡುವಿನಿಂದ ತೆಗೆದಿರೋ, ಅದು ಆಕ್ರಮಿಸುತ್ತಿರುವ ಅಂಚಿನಿಂದಲೋ? ಪ್ಯಾರಿಸ್ಸಿನ ಗ್ಯಾಲನ್ ತಂಡ 2006ರಲ್ಲೇ ಟಿ ಕೋಶಗಳ ಬಗೆ ಮತ್ತು ಸಾಂದ್ರತೆಯಷ್ಟೇ ಅವು ಇರುವ ಜಾಗವೂ ಮುಖ್ಯವೆಂದು ತೋರಿಸಿತ್ತು. ಇನ್ನೊಂದು ಸಾಧ್ಯತೆಯೂ ಇದೆ. ಕರುಳಿನ ಗಡ್ಡೆಯೊಳಗಿನ ಸಿಡಿ8 ಕೋಶಗಳಲ್ಲಿ ಕೆಲವು ಗಡ್ಡೆಯನ್ನು ಗುರುತಿಸುವವೇ ಅಲ್ಲ, ಇಬಿವಿ, ಸಿಎಂವಿ, ಇನ್‌ಫ್ಲುಯೆಂಜಾ ವೈರಸ್ಸುಗಳಿಗೆಂದು ತಯಾರಾಗಿ ದಾರಿಹೋಕರಂತೆ ಬಂದು ಸೇರಿದವು ಎಂದು 2018ರಲ್ಲಿ ಪ್ರಕಟವಾಗಿದೆ.

ಕಿಣ್ವಸಾಧಕ
ಆ ವಾದ ಇಲ್ಲಿ ನಿಲ್ಲುವುದಿಲ್ಲ. ಆ ದಾರಿಹೋಕ ಕೋಶಗಳ ಮೇಲೆ ಸಿಡಿ39 ಇರುವುದಿಲ್ಲ ಎಂಬುದೇ ಆ ಅಧ್ಯಯನದ ತಿರುಳು, ಇವರ ಕೋಶಗಳಲ್ಲಿ ಅದು ಹೇರಳವಾಗಿದೆ. ಆರೋಗ್ಯವಂತರ ರಕ್ತದ ಕೋಶಗಳನ್ನು ಅದೇ ಕಿಣ್ವದಲ್ಲಿ ಅಷ್ಟೇ ಹೊತ್ತು ಇಟ್ಟು ನೋಡಿ, ಗೊತ್ತಾಗುತ್ತದೆ.

ಕೋಶಾನ್ವೇಷಿ
ನಿನ್ನೆ ಮಾಡಿದೆ. ಕಿಣ್ವದಲ್ಲಿ ಇಟ್ಟವು, ಇಡದವು ಎರಡರಲ್ಲೂ ಸ್ಮೃತಿ ಟಿ ಕೋಶಗಳ ಪಿಡಿ-1 ಒಂದೇ ಸಮನಾಗಿದೆ. ಆದರೆ ಜೊತೆಗೇ ನೋಡಿದ ರೋಗಿಯ ರಕ್ತದಲ್ಲಿಯೂ ಪಿಡಿ-1 ಶೂನ್ಯ.

ಕಿಣ್ವಸಾಧಕ
ಕೊಲಾಜಿನೇಸಿನ ಗುಣ ಒಂದೊಂದು ತಯಾರಿಕೆಗೂ ಬದಲಾಗುತ್ತದೆ. ಲೋಳೆ ಮತ್ತು ಬ್ಯಾಕ್ಟೀರಿಯಾ ತುಂಬಿದ ಕರುಳನ್ನು ಶುದ್ಧ ರಕ್ತಕೋಶಗಳೊಡನೆ ಹೋಲಿಸಲಾಗದು. ಲಾಟ್ (ತಯಾರಿಕೆಯ ಕಂತು) ಸಂಖ್ಯೆ ತಿಳಿಸಿ.

ಅಂಚುಗೆರೆ
ರೋಗಿಯ ರಕ್ತ ಕಿಣ್ವವನ್ನು ಮುಟ್ಟಿಯೇ ಇಲ್ಲವಲ್ಲ! ಅದಕ್ಕೆ ಮೊದಲು ಉತ್ತರ ಕೊಡಿ.

ದೂರದೂರಿನವಳು
ಎರಡೇ ಪ್ರಶ್ನೆ. ಪಿಡಿ-1 ಪ್ರತಿಕಾಯದ ಕ್ಲೋನ್ (ನಿರ್ದಿಷ್ಟ ತಳಿ) ಯಾವುದು? ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಗೆ ಏನು ಔಷಧ ಕೊಟ್ಟಿದ್ದರು?

ಕೋಶಾನ್ವೇಷಿ
ಕ್ಲೋನ್ ಇಎಚ್12.2ಎಚ್7. ಡಿಎನ್‌ಎ ಹೊಂದಿಕೆ ದೋಷ ಸರಿಪಡಿಸುವ ವ್ಯವಸ್ಥೆ ಕೆಟ್ಟಿರುವ ಗಡ್ಡೆಗಳಾದ್ದರಿಂದ ಪೆಂಬ್ರೊಲಿಜುಮ್ಯಾಬ್ (ಪಿಡಿ-1ನ್ನು ತಡೆಯುವ ಪ್ರತಿಕಾಯ-ಔಷಧ) ಕೊಟ್ಟಿದ್ದರು. ಇಂಥ ಗಡ್ಡೆಗೆ ಅದನ್ನು ಕೊಡುವುದು ಈಗ ಸಾಮಾನ್ಯವೆಂದು ಬರೆಯಲಿಲ್ಲ.

ದೂರದೂರಿನವಳು
ನಿಮ್ಮ ಪಿಡಿ-1 ಎಲ್ಲಿಗೂ ಹೋಗಿಲ್ಲ, ಅದರ ಮೇಲೆ ಔಷಧ ಕುಳಿತಿದೆ. ಪೆಂಬ್ರೊಲಿಜುಮ್ಯಾಬ್ ಹಿಡಿದ ಗ್ರಾಹಕದ ಮೇಲೆ ಇಎಚ್12.2ಎಚ್7ಗೆ ಕೂರಲು ಜಾಗ ಉಳಿಯುವುದಿಲ್ಲ. ಈ ಔಷಧದ ಅರ್ಧಾಯುಷ್ಯ ಸುಮಾರು 22 ದಿನ. ಇದೇ ಬಗೆಯ ನಿವೊಲುಮ್ಯಾಬ್ ಅಂತೂ ಒಂದೇ ಡೋಸಿನ ನಂತರ 2 ತಿಂಗಳಿಗೂ ಹೆಚ್ಚು ಕಾಲ ಟಿ ಕೋಶಗಳನ್ನು ಹಿಡಿದುಕೊಂಡಿರುತ್ತದೆ. ರಕ್ತದಲ್ಲಿ ಶೂನ್ಯ ಬಂದುದಕ್ಕೂ ಇದೇ ಕಾರಣ.

ಔಷಧ ಮಾನವ ಐಜಿಜಿ4 (ಐಜಿಜಿ ಪ್ರತಿಕಾಯಗಳ ಒಂದು ಉಪಬಗೆ) ಆದ್ದರಿಂದ, ಐಜಿಜಿ4 ಗುರುತಿಸುವ ಪ್ರತಿಕಾಯದಿಂದ ಅದನ್ನೇ ಹುಡುಕಿ. ಎಫ್‌ಸಿ ತಡೆಗೆ (ಪ್ರತಿಕಾಯಗಳ ಬಾಲ ಕೋಶಗಳಿಗೆ ಸುಮ್ಮನೆ ಅಂಟದಂತೆ ತಡೆಯಲು) ಮಾನವ ಐಜಿಜಿ ಬಳಸಬೇಡಿ, ಅದರಲ್ಲಿರುವ ಐಜಿಜಿ4 ಕೂಡ ಹೊಳೆದು ದಾರಿ ತಪ್ಪಿಸುತ್ತದೆ. ಬಣ್ಣ ಹಾಕುವ ಮುನ್ನ ಮೂರು ಬಾರಿ ತೊಳೆಯಿರಿ, ಎಲ್ಲ ಟಿ ಕೋಶಗಳ ಗುರುತಾದ ಸಿಡಿ3 ಇರುವ ಕೋಶಗಳನ್ನು ಮಾತ್ರ ಆರಿಸಿ ನೋಡಿ. ಮ್ಯಾಕ್ರೊಫೇಜುಗಳು (ಭಕ್ಷಕ ಕೋಶಗಳು) ಐಜಿಜಿ4ನ್ನು ತಮ್ಮ ಎಫ್‌ಸಿ ಗ್ರಾಹಕಗಳಿಂದಲೂ ಹಿಡಿದಿಡುತ್ತವೆ. ಔಷಧ ಪಡೆಯದ ಒಬ್ಬರ ಗಡ್ಡೆ ಹೋಲಿಕೆಗೆ ಬೇಕೇ ಬೇಕು.

ಕೋಶಾನ್ವೇಷಿ
ಐಜಿಜಿ4 ಹಾಕಿದಾಗ ಸಿಡಿ39 ಇರುವ ಸಿಡಿ8 ಕೋಶಗಳ ಗುಂಪು ಪೂರ್ತಿ ಬಲಕ್ಕೆ ಸರಿಯಿತು, ಅಂದರೆ ಹೊಳೆಯಿತು; ಸಿಡಿ39 ಇಲ್ಲದ ಗುಂಪಿನ ಬಹುಭಾಗ ಇದ್ದಲ್ಲೇ ಉಳಿಯಿತು. ಇನ್ನೊಂದನ್ನು ಮೊದಲೇ ಹೇಳಬೇಕಿತ್ತು: ನನ್ನ ಬಳಿ ಇದ್ದದ್ದು ಮೂರು ಗಡ್ಡೆಗಳು. ಮೂರನೆಯದರಲ್ಲಿ ಪಿಡಿ-1 ಸ್ಪಷ್ಟವಾಗಿ ಬಂದಿತ್ತು. ಉಳಿದೆರಡಕ್ಕೆ ಹೊಂದದೆಂದು ಅದನ್ನೇ ಲೆಕ್ಕದಿಂದ ತೆಗೆದುಹಾಕಿದ್ದೆ. ಆ ರೋಗಿಗೆ ಔಷಧ ಕೊಟ್ಟಿರಲಿಲ್ಲ. ಅದನ್ನು ಈಗ ಮರಳಿ ಸೇರಿಸಿದ್ದೇನೆ.

ಆದರೆ ಒಂದು ಗಡ್ಡೆಯಲ್ಲಿ ಸಿಡಿ3 ಇದ್ದು ಸಿಡಿ4, ಸಿಡಿ8 ಎರಡೂ ಇಲ್ಲದ ಕೋಶಗಳು ತುಂಬಾ ಇವೆ, ಅವುಗಳ ಮೇಲೂ ಐಜಿಜಿ4 ಇದೆ. ಇವು ಯಾವುವು?

ದೂರದೂರಿನವಳು
ಗಾಮಾ-ಡೆಲ್ಟಾ ಟಿ ಕೋಶಗಳೇ (ಬೇರೆ ಬಗೆಯ ಗ್ರಾಹಕವುಳ್ಳ ಟಿ ಕೋಶಗಳು) ಎಂದು ಮೊದಲು ಪರೀಕ್ಷಿಸಿ, ಹಾಗೆಯೇ ಸಿಡಿ8 ಕೋಶಗಳು ಗಡ್ಡೆಯನ್ನು ಗುರುತಿಸಲು ಬೇಕಾದ ಬೀಟಾ-2 ಮೈಕ್ರೊಗ್ಲಾಬ್ಯುಲಿನ್ ಎಂಬ ಪ್ರೋಟೀನು ಗಡ್ಡೆಯಲ್ಲಿ ಉಳಿದಿದೆಯೇ ನೋಡಿ. ಅದನ್ನು ಕಳೆದುಕೊಂಡ ಗಡ್ಡೆಗಳು ಸಿಡಿ8 ಕೋಶಗಳ ಕಣ್ಣಿಗೆ ಬೀಳದಿದ್ದರೂ ಇದೇ ಚಿಕಿತ್ಸೆಗೆ ಕರಗುವುದುಂಟು. ಆ ಕೆಲಸದಲ್ಲಿ ಪಿಡಿ-1 ಹೊತ್ತ ಗಾಮಾ-ಡೆಲ್ಟಾ ಕೋಶಗಳ ಪಾಲಿದೆ ಎಂದು 2023ರಲ್ಲಿ ನಾನಿರುವ ನೆದರ್‌ಲ್ಯಾಂಡ್ಸ್‌ನ ತಂಡಗಳು ತೋರಿಸಿವೆ.

ಕಿಣ್ವಸಾಧಕ
ಪಿಡಿ-1 ವಿಷಯದಲ್ಲಿ ನನ್ನ ಊಹೆ ತಪ್ಪಾಗಿತ್ತು, ಒಪ್ಪುತ್ತೇನೆ. ಆದರೆ ಸಿಡಿ4, ಸಿಡಿ8 ಎರಡೂ ಇಲ್ಲವೆಂದರೆ ಲಾಟ್ ಸಂಖ್ಯೆಯನ್ನು ಮತ್ತೆ ಕೇಳಬೇಕಾಗುತ್ತದೆ. ಗಾಮಾ-ಡೆಲ್ಟಾ ಬಣ್ಣ ಹಾಕುವ ದಿನವೇ ಅದೇ ಲಾಟ್‌ನಲ್ಲಿ ರಕ್ತದ ಕೋಶಗಳನ್ನೂ ಇಟ್ಟು, ಈ ಎರಡು ಗುರುತುಗಳು ಉಳಿಯುತ್ತವೆಯೇ ನೋಡಿ ತಿಳಿಸಿ.