ಏಡನ್ ಬೆಳೆದದ್ದು ಜ್ವಾಲಾಮುಖಿಯಿಂದಲಾ, ಬ್ರಿಟಿಷರಿಂದಲಾ?

ಹಡಗಿನವ:
ಮೊನ್ನೆ ಇಲ್ಲೇ ಒಬ್ಬರು "ಏಡನ್ ಅಂದರೆ ಬ್ರಿಟಿಷರು ಕಟ್ಟಿದ ಊರು" ಎಂದು ಬರೆದಿದ್ದರು. ತಪ್ಪು. ಹಡಗಿನಲ್ಲಿ ಕೆಲಸ ಮಾಡುವಾಗ ಯೆಮನ್‌ನ ಆ ಊರನ್ನು ಎಷ್ಟೋ ಸಲ ನೋಡಿದ್ದೇನೆ. ದೂರದಿಂದ ದ್ವೀಪದ ಹಾಗೇ ಕಾಣುತ್ತದೆ. ಹತ್ತಿರ ಹೋದ ಮೇಲೆ ಹಿಂದಿನ ತಗ್ಗು ಮರಳ ಪಟ್ಟಿ ಕಣ್ಣಿಗೆ ಬೀಳುತ್ತದೆ. ಊರಿನ ಖೋರ್‌ಮಕ್ಸರ್ ಎಂಬ ಭಾಗ ಇರುವುದು ಅದರ ಮೇಲೆ. ಅದಿಲ್ಲದಿದ್ದರೆ ಪರ್ಯಾಯ ದ್ವೀಪವೂ ಅಲ್ಲ. ಉಳಿದದ್ದೆಲ್ಲ ಸುಟ್ಟ ತವಾ ಬಣ್ಣದ ಕಲ್ಲು, ಒಂದು ಹಸಿರು ಎಲೆ ಇಲ್ಲ. ಶಂಸಾನ್ ಬೆಟ್ಟ ಸುಮಾರು 550 ಮೀಟರ್. ಹಳೆಯ ಊರು ಕೂತಿರುವುದು ಸತ್ತ ಜ್ವಾಲಾಮುಖಿಯ ಬಾಯೊಳಗೆ, ಅದಕ್ಕೇ ಅದರ ಹೆಸರು ಕ್ರೇಟರ್. ಪಶ್ಚಿಮಕ್ಕೆ ನೀರಿನಾಚೆ ಇನ್ನೊಂದು ಸತ್ತ ಜ್ವಾಲಾಮುಖಿ, ಲಿಟ್ಲ್ ಏಡನ್. ಎರಡೂ ಅಡ್ಡ ನಿಂತು ನಡುವಿನ ನೀರನ್ನು ಕಾಯುತ್ತವೆ. ಬಂದರು ಮಾಡಿದ್ದು ಬೆಂಕಿ, ಬ್ರಿಟಿಷರಲ್ಲ.

ಧಾರವಾಡ ಫೇಡಾ:
"ಬ್ರಿಟಿಷರಲ್ಲ" ಅಂದ್ರೆ ಹೆಂಗ್ರಿ? 1839ರ ಜನವರಿ 19ರಂದು ಈಸ್ಟ್ ಇಂಡಿಯಾ ಕಂಪನಿಯ ಕ್ಯಾಪ್ಟನ್ ಹೇನ್ಸ್ ಹಿಡಿದಾಗ ಅಲ್ಲಿದ್ದದ್ದು ಕೆಲವು ನೂರು ಜನ. ಮುಂಬೈನಿಂದ ಸೂಯೆಜ್ ಕಡೆ ಹೋಗುವ ಉಗಿಹಡಗಿಗೆ ಕಲ್ಲಿದ್ದಲು ತುಂಬಲು ಜಾಗ ಬೇಕಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಊರು ಎದ್ದು ನಿಂತಿತು. ಇನ್ನೊಂದು ಮಾತು. 1932ರ ತನಕ ಏಡನ್ ಇದ್ದದ್ದು ಮುಂಬೈ ಸರ್ಕಾರದ ಕೈಯಲ್ಲಿ, ನಮ್ಮ ಧಾರವಾಡದ ಹಾಗೆಯೇ. ನಿಮ್ಮ ಬೆಂಕಿ ಆಗ ಎಲ್ಲಿ ಹೋಗಿತ್ತು?

ಕಲ್ಲುಕುಟಿಗ:
"ಸತ್ತ ಜ್ವಾಲಾಮುಖಿ"ಯಂತೆ! 2007ರಲ್ಲಿ ಯೆಮನ್‌ನ ಜಬಲ್ ಅಲ್ ತೈರ್ ಸ್ಫೋಟಿಸಿ ಸೈನಿಕರು ಸತ್ತರು. ಬರೆಯುವ ಮೊದಲು ಸ್ವಲ್ಪ ಗೂಗಲ್ ಮಾಡಿ.

ಹಡಗಿನವ:
ಸ್ವಾಮಿ, ಅದು ಕೆಂಪು ಸಮುದ್ರದ ನಡುವಿನ ದ್ವೀಪ. ಏಡನ್‌ನಿಂದ ನೂರಾರು ಕಿಲೋಮೀಟರ್ ದೂರ. ಏಡನ್ ಬೆಟ್ಟ ಬೆಂಕಿ ಉಗುಳಿದ್ದು ಲಕ್ಷಾಂತರ ವರ್ಷಗಳ ಹಿಂದೆ. ಅರೇಬಿಯಾ ಆಫ್ರಿಕಾದಿಂದ ಬಿಟ್ಟುಕೊಳ್ಳುವಾಗ ಆ ಕರಾವಳಿಯಲ್ಲಿ ಎದ್ದ ಸಾಲಿನಲ್ಲಿ ಇದೂ ಒಂದು.
ಧಾರವಾಡದವರಿಗೆ: ಹೇನ್ಸ್ ಬರುವ 500 ವರ್ಷ ಮೊದಲೇ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಇದನ್ನು ಭಾರತದವರ ಬಂದರು ಎಂದ. ಎಲ್ಲಿಂದ ಹಡಗು ಬರುತ್ತಿದ್ದವು ಎಂಬ ಪಟ್ಟಿಯಲ್ಲಿ ಮಂಜರೂರ್, ಫಾಕನೂರ್, ಹಿನಾವರ್ ಇವೆ. ಅಂದರೆ ಮಂಗಳೂರು, ಬಾರ್ಕೂರು, ಹೊನ್ನಾವರ.

ಬಸ್ರೂರು ಹುಡುಗ:
ಫಾಕನೂರ್ ಬಾರ್ಕೂರು ಅಂತ ಯಾರು ಹೇಳಿದ್ದು ಮಾರ್ರೆ? ಈ ಕಡೆ ದೊಡ್ಡ ಬಂದರು ಅಂದರೆ ಬಸ್ರೂರು. ಪೋರ್ಚುಗೀಸರು ಕೋಟೆ ಕಟ್ಟಿದ್ದು ಎಲ್ಲಿ? 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಲೂಟಿ ಮಾಡಿದ್ದು ಎಲ್ಲಿ? ಬಡ ಊರನ್ನು ಯಾರಾದರೂ ಲೂಟಿ ಮಾಡ್ತಾರಾ?

ಸೀತಾನದಿ:
1665ರ ಕಥೆ ಇಲ್ಲಿ ಯಾಕೆ? ಇಬ್ನ್ ಬತೂತ ಅದಕ್ಕೆ 300 ವರ್ಷ ಮೊದಲಿನವ. ಅವನು ನಮ್ಮ ಕರಾವಳಿಗೂ ಬಂದಿದ್ದ. ಉತ್ತರದಿಂದ ಇಳಿಯುತ್ತಾ ಮೊದಲು ಅಬೂ ಸರೂರ್, ಎರಡು ದಿನ ಬಿಟ್ಟು ಫಾಕನೂರ್, ಆಮೇಲೆ ಮಂಜರೂರ್. ಅಬೂ ಸರೂರ್ ನಿಮ್ಮ ಬಸ್ರೂರು. ಅದು ಸಣ್ಣ ಊರು ಎಂದು ಬರೆದ. ಫಾಕನೂರ್ ದೊಡ್ಡ ಊರು, ಅಲ್ಲಿನ ಕಬ್ಬಿಗೆ ಸಾಟಿ ಇಲ್ಲ ಎಂದ.

ಬಸ್ರೂರು ಹುಡುಗ:
"ಎರಡು ದಿನ"? ಬಸ್ರೂರಿಂದ ಬಾರ್ಕೂರಿಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸ್ ಬರಬಹುದು. ಎರಡು ದಿನ ಅವನು ಎಂತ ಮಾಡಿದ, ಗಂಜಿ ಕುಡಿದು ಮಲಗಿದ್ದನಾ?

ಸೀತಾನದಿ:
ಅವನು ನಿಮ್ಮ ಹಾಗೆ ಬಸ್ ಹತ್ತಿ ಬಂದವನಲ್ಲ. ನೀವೇ ಎತ್ತಿದ ಪೋರ್ಚುಗೀಸರನ್ನೇ ಕೇಳಿ. ಬಸ್ರೂರಿಗೆ ಬಾರ್ಸೆಲೋರ್ ಅಂದರು, ಬಾರ್ಕೂರಿಗೆ ಬಾಕನೋರ್ ಅಂದರು. ಬಾಕನೋರ್, ಫಾಕನೂರ್. ಒಮ್ಮೆ ಜೋರಾಗಿ ಹೇಳಿ ನೋಡಿ, ಕಿವಿಗೆ ಗೊತ್ತಾಗುತ್ತದೆ.

ಬಸ್ರೂರು ಹುಡುಗ:
ಕಿವಿ ನಂಬಿ ಇತಿಹಾಸ ಬರೆಯುವುದಾ? "ಸಣ್ಣ ಊರು" ಅಂತ ಹೇಳುವಾಗ ಖುಷಿ ನೋಡಿ ಇವರದ್ದು. ನಿಮ್ಮ ಬಾರ್ಕೂರಲ್ಲಿ ಈಗ ಎಂತ ಉಂಟು, ಕತ್ತಲೆ ಬಸದಿಯ ಕಂಬ ಬಿಟ್ಟರೆ?

ಸೀತಾನದಿ:
ಬಸದಿ ಸುದ್ದಿಗೆ ಬಂದರೆ ಸುಮ್ನೆ ಇರುವುದಿಲ್ಲ. ಹೇಳಿದ್ದೇನೆ.

ಧಾರವಾಡ ಫೇಡಾ:
ಅಲ್ರೀ, ಏಡನ್ ಎಲ್ಲಿ ಹೋಯಿತು?

ಪುಸ್ತಕದ ಹುಳು:
"ಒಂದು ಹಸಿರು ಎಲೆ ಇಲ್ಲ" ಎಂದವರು ತವೀಲಾ ತೊಟ್ಟಿಗಳ ಹೆಸರನ್ನೇ ಎತ್ತಲಿಲ್ಲ. ಕ್ರೇಟರ್ ಮೇಲಿನ ಕಣಿವೆಯಲ್ಲಿ ಬಂಡೆ ಕಡಿದು ಮಾಡಿದ ತೊಟ್ಟಿಗಳು, ಒಂದರ ಕೆಳಗೊಂದು. ಬೆಟ್ಟಕ್ಕೆ ಮಳೆ ಬಿದ್ದರೆ ನೀರು ರಭಸದಿಂದ ಇಳಿಯುತ್ತದೆ, ಮೇಲಿನದು ತುಂಬಿ ಕೆಳಗಿನದಕ್ಕೆ ಬೀಳುತ್ತದೆ. ಹಳೆಯ ಗಾರೆಗೆ ಜ್ವಾಲಾಮುಖಿಯ ಬೂದಿಯನ್ನೇ ಬೆರೆಸಿದ್ದರು, ನೀರು ಇಂಗದಿರಲಿ ಎಂದು. ಎಲ್ಲ ಮಣ್ಣಿನಡಿ ಹೂತುಹೋಗಿತ್ತು. 1850ರ ದಶಕದಲ್ಲಿ ಪ್ಲೇಫೇರ್ ಎಂಬ ಅಧಿಕಾರಿ ಗುರುತಿಸಿದ ಮೇಲೆ ಅಗೆದು ರಿಪೇರಿ ಮಾಡಿಸಿದರು. ಈಗ ಉಳಿದಿರುವುದು 13.

ಧಾರವಾಡ ಫೇಡಾ:
"ಅಗೆದು ರಿಪೇರಿ ಮಾಡಿಸಿದರು". ಯಾರು? ಬ್ರಿಟಿಷರು. ನಾನು ಹೇಳಿದ್ದೂ ಅದನ್ನೇ.

ಪುಸ್ತಕದ ಹುಳು:
ಅಗೆದವರಿಗೂ ಕಟ್ಟಿದವರಿಗೂ ವ್ಯತ್ಯಾಸ ಇಲ್ಲವಾ ಸರ್? ಮಳೆನೀರು ಹಿಡಿಯುವ ತೊಟ್ಟಿ ಇದೆ ಎಂದು ಇಬ್ನ್ ಬತೂತನೇ ಬರೆದಿದ್ದಾನೆ.

ಹಡಗಿನವ:
ಇನ್ನೊಂದು ತಗೊಳ್ಳಿ. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸ್ ಸೇನಾಪತಿ ಅಲ್ಬುಕರ್ಕ್ 1513ರಲ್ಲಿ ಏಡನ್‌ಗೆ ನುಗ್ಗಿದ. ಸುತ್ತ ಬೆಟ್ಟ, ಎದುರಿಗೆ ಗೋಡೆ. ಹತ್ತಿದ ಸೈನಿಕರ ಭಾರಕ್ಕೆ ಏಣಿಗಳೇ ಮುರಿದುಬಿದ್ದವು. ಬರಿಗೈಯಲ್ಲಿ ಹಿಂದಿರುಗಿದ.

ಧಾರವಾಡ ಫೇಡಾ:
ಏಣಿ ಮುರಿದದ್ದಕ್ಕೆ ಬಡಗಿಯನ್ನು ಕೇಳಿ, ಜ್ವಾಲಾಮುಖಿಯನ್ನಲ್ಲ. ಅದೇ ಬೆಟ್ಟವನ್ನು ಹೇನ್ಸ್ ಒಂದೇ ದಿನದಲ್ಲಿ ಹಿಡಿದ.

ಹಡಗಿನವ:
ಅವನ ಕಾಲದಲ್ಲಿ ಕಾಯುವವರೇ ಇರಲಿಲ್ಲ. "ಕೆಲವು ನೂರು ಜನ" ಎಂದವರು ನೀವೇ.

ಕಲ್ಲುಕುಟಿಗ:
ಜಬಲ್ ಅಲ್ ತೈರ್ ಯೆಮನ್‌ನದೇ ತಾನೇ? ಅದಕ್ಕೆ ಉತ್ತರ ಬಂದಿಲ್ಲ.

ಬಸ್ರೂರು ಹುಡುಗ:
ಈಗ ಓದಿ ನೋಡಿದೆ. ಅಬೂ ಸರೂರ್ ದೊಡ್ಡ ಅಳಿವೆಯ ಮೇಲೆ ಇದೆ, ತೆಂಗು ಜಾಸ್ತಿ ಅಂತಲೂ ಅವನು ಬರೆದಿದ್ದಾನೆ. ಕಬ್ಬು ಹೇಳಿದವರು ತೆಂಗು ಯಾಕೆ ನುಂಗಿದರು?